ಪಿಗ್ಮಿ ಖಾತೆ: ಬಡ್ಡಿಗೆ ಎರಡು ಸ್ಟಾರ್, ಅಂಗಡಿ ಬಾಗಿಲಿಗೆ ಬರೋದಕ್ಕೆ ಐದು

ಮೊನ್ನೆ ನನ್ನ ಪಿಗ್ಮಿ ಮೆಚೂರ್ ಆಯ್ತು. ಅರವತ್ತು ಸಾವಿರ ಚಿಲ್ಲರೆ ಕೈಗೆ ಬಂತು, ಬಂದ ಅರ್ಧ ಗಂಟೆಲಿ ಮಗಳ ಕಾಲೇಜ್ ಫೀಸಿಗೆ ಹೋಯ್ತು, ಅದು ಬೇರೆ ಕತೆ. ಮಿಕ್ಸಿಯಿಂದ ಹಿಡಿದು ಸೊಳ್ಳೆ ಬ್ಯಾಟಿನ ತನಕ ಎಲ್ಲದಕ್ಕೂ ಜನ ರಿವ್ಯೂ ಬರೀತಾರೆ, ನಮ್ಮ ಊರಲ್ಲಿ ಅಜ್ಜನ ಕಾಲದಿಂದ ದಿನಾ ಸಂಜೆ ಬಾಗಿಲಿಗೆ ಬಂದು ದುಡ್ಡು ತಗೊಂಡು ಹೋಗೋ ಈ ಸರ್ವಿಸಿಗೆ ಮಾತ್ರ ಯಾರೂ ಒಂದು ಸ್ಟಾರ್ ಕೊಟ್ಟದ್ದು ಕಾಣ್ಲಿಲ್ಲ, ಹಾಗಾಗಿ ನಾನೇ ಕೂತೆ. ನಂದು ಬ್ರಹ್ಮಾವರದಲ್ಲಿ ಸಣ್ಣ ಜೆರಾಕ್ಸ್ ಮತ್ತೆ ಸ್ಟೇಷನರಿ ಅಂಗಡಿ. ಹದಿನೆಂಟು ವರ್ಷದಿಂದ ಪಿಗ್ಮಿ ಕಟ್ತಿದ್ದೇನೆ, ನಡುವಲ್ಲಿ ಒಮ್ಮೆ ಕೈ ಸುಟ್ಟುಕೊಂಡೂ ಆಗಿದೆ, ಅದನ್ನೂ ಹೇಳ್ತೇನೆ.

ಬೆಂಗಳೂರು ಕಡೆಯವರಿಗೆ, ಮತ್ತೆ ಸಂಬಳದ ಕೆಲಸದಲ್ಲಿ ಇರೋರಿಗೆ ಪಿಗ್ಮಿ ಅಂದ್ರೆ ಎಂತ ಅಂತ ಗೊತ್ತಿರ್ಲಿಕ್ಕಿಲ್ಲ. ಸುಲಭ ಉಂಟು. ನೀವು ಬ್ಯಾಂಕಿಗೆ ಹೋಗೋದಲ್ಲ, ಬ್ಯಾಂಕೇ ನಿಮ್ಮತ್ರ ಬರೋದು. ಬ್ಯಾಂಕ್ ಅಥವಾ ಸೊಸೈಟಿ ಕಡೆಯಿಂದ ಒಬ್ರು ದಿನಾ ಅಂಗಡಿಗೋ ಮನೆಗೋ ಬರ್ತಾರೆ, ನೀವು ಇಪ್ಪತ್ತೋ ಐವತ್ತೋ ಇನ್ನೂರೋ ಕೊಡ್ತೀರಿ, ಅವರು ಬರ್ಕೊಳ್ತಾರೆ, ವರ್ಷ ಆದ್ಮೇಲೆ ಬಡ್ಡಿ ಸೇರಿಸಿ ಒಟ್ಟಿಗೆ ವಾಪಸ್. ಇಷ್ಟೇ. ನಮ್ಮಲ್ಲಿ ಅವರಿಗೆ ಪಿಗ್ಮಿ ಕಲೆಕ್ಟರ್ ಅಂತ ಹೇಳೋದು, ಇಡೀ ಜಿಲ್ಲೆಗೆ ಡಿಸಿ ಒಬ್ರೇ ಆದ್ರೆ ಕಲೆಕ್ಟರ್ ಮಾತ್ರ ಬೀದಿಗೊಬ್ರು ಅಂತ ಹಳೇ ಜೋಕ್ ಉಂಟು.

ಇದು ಹುಟ್ಟಿದ್ದೇ ನಮ್ಮೂರ ಕಡೆ. ಈಗಿನ ಮಕ್ಕಳಿಗೆ ಸಿಂಡಿಕೇಟ್ ಬ್ಯಾಂಕ್ ಹೆಸರೂ ಮರೀತಾ ಬಂದಿದೆ, ಆದ್ರೆ ಪಿಗ್ಮಿ ರಿವ್ಯೂ ಮಾಡೋದಕ್ಕೆ ಅದರ ಕತೆ ಬಿಟ್ಟು ಹೋಗ್ಲಿಕ್ಕೆ ಆಗೋದಿಲ್ಲ. 1925ರಲ್ಲಿ ಉಡುಪಿಯಲ್ಲಿ ಮೂರು ಜನ ಸೇರಿ 8000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕ್ ಶುರು ಮಾಡಿದ್ರು, ಉಪೇಂದ್ರ ಅನಂತ ಪೈ ಅಂತ ವ್ಯಾಪಾರಸ್ಥರು, ವಾಮನ ಕುಡ್ವ ಅಂತ ಇಂಜಿನಿಯರ್, ಮತ್ತೆ ಡಾಕ್ಟರ್ ಟಿ.ಎಂ.ಎ. ಪೈ. ಹೆಸರು ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್, ಅಷ್ಟು ಉದ್ದ. ಆವಾಗ ಇಲ್ಲಿ ಕೈಮಗ್ಗದ ಕೆಲಸ ಮಲಗಿ ನೇಕಾರರ ಹೊಟ್ಟೆಗೇ ಕಷ್ಟ ಬಂದಿತ್ತು, ಅವರಿಗೆ ದುಡ್ಡಿನ ಆಸರೆ ಆಗ್ಬೇಕು ಅಂತ ಶುರು ಮಾಡಿದ್ದು. ಮೂರು ಜನದಲ್ಲಿ ಒಬ್ರು ಡಾಕ್ಟ್ರು ಇದ್ದದ್ದು ನಂಗೆ ಯಾವಾಗ್ಲೂ ಇಷ್ಟ ಆಗೋ ವಿಷಯ, ಯಾಕಂದ್ರೆ ಜನರ ಕಿಸೆಯಲ್ಲಿ ಎಷ್ಟುಂಟು ಅಂತ ಊರ ಡಾಕ್ಟ್ರಿಗೆ ಗೊತ್ತಿದ್ದಷ್ಟು ಬ್ಯಾಂಕಿನವರಿಗೂ ಗೊತ್ತಿರೋದಿಲ್ಲ.

ಪಿಗ್ಮಿ ಬಂದದ್ದು 1928ರಲ್ಲಿ. ದಿನಕ್ಕೆ ಎರಡಾಣೆ ಇದ್ರೂ ಸಾಕು, ಏಜೆಂಟ್ ಬಂದು ಮನೆ ಬಾಗಿಲಲ್ಲೇ ತಗೊಂಡು ಹೋಗ್ತಿದ್ದ. ಎರಡಾಣೆ ಅಂದ್ರೆ ರೂಪಾಯಿಯ ಎಂಟನೇ ಒಂದು ಪಾಲು, ಎಂಟು ದಿನ ಕೊಟ್ರೆ ಒಂದು ರೂಪಾಯಿ, ಮೂವತ್ತು ದಿನ ಬಿಡದೆ ಕೊಟ್ರೆ ಮೂರು ರೂಪಾಯಿ ಹನ್ನೆರಡಾಣೆ. ಈ ಲೆಕ್ಕವನ್ನ ಯಾವ ಬ್ಯಾಂಕ್ ಮ್ಯಾನೇಜರ್ ಮುಂದೆ ಇಟ್ರೂ ನಗಾಡ್ತಿದ್ರೋ ಏನೋ. ಆದ್ರೆ ಯೋಚನೆ ಮಾಡಿ, ದಿನಗೂಲಿಯವರಿಗೆ, ಮೀನು ಮಾರೋರಿಗೆ, ಮಗ್ಗದವರಿಗೆ ತಿಂಗಳ ಕೊನೆ ಅಂತ ಒಂದು ಇರೋದೇ ಇಲ್ಲ. ದುಡ್ಡು ಬರೋದು ಸಂಜೆಗೆ, ಹೋಗೋದು ರಾತ್ರಿಗೆ, ಆ ಸಂಜೆಗೂ ರಾತ್ರಿಗೂ ನಡುವೆ ಯಾರಾದ್ರೂ ಬಂದು ಎರಡಾಣೆ ಎತ್ತಿಟ್ರೆ ಮಾತ್ರ ಉಳಿತಾಯ. ಇದನ್ನ ಕಂಡುಹಿಡಿದವರಿಗೆ ಐದಲ್ಲ ಹತ್ತು ಸ್ಟಾರ್ ಕೊಡ್ಬೇಕು. ಆಣೆಗೆ ಹನ್ನೆರಡು ಪೈ, ಆ ಪೈ ಪೈ ಕೂಡಿಸಿ ಬ್ಯಾಂಕ್ ಕಟ್ಟಿದವರೂ ಪೈಗಳೇ, ಈ ಮಾತು ಹೇಳದೆ ಉಡುಪಿಯಲ್ಲಿ ಬ್ಯಾಂಕಿನ ಕತೆ ಮುಗಿಯೋದಿಲ್ಲ, ಕ್ಷಮಿಸಿ.

ಅದೇ 1928ರಲ್ಲಿ ಆ ಬ್ಯಾಂಕಿನ ಮೊದಲ ಬ್ರಾಂಚ್ ತೆರೆದದ್ದು ಎಲ್ಲಿ ಅಂದ್ಕೊಂಡ್ರಿ? ನಮ್ಮ ಬ್ರಹ್ಮಾವರದಲ್ಲಿ! ಮಂಗಳೂರಲ್ಲ, ಮದ್ರಾಸಲ್ಲ. ಉಡುಪಿಯಿಂದ ಸ್ವರ್ಣಾ ಹೊಳೆ ದಾಟಿ ಸಿಗೋ ಊರು, ಆವಾಗ ನಾವೆಲ್ಲ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕನ್ನಡ. ಇದನ್ನ ನಾನು ಅಂಗಡಿಗೆ ಬರೋ ಕಾಲೇಜ್ ಹುಡುಗರಿಗೆ ಹೇಳಿದ್ರೆ "ಹೌದಾ ಅಂಕಲ್, ಎರಡು ಕಾಪಿ ಬ್ಯಾಕ್ ಟು ಬ್ಯಾಕ್" ಅಂತಾರೆ.

ಉಡುಪಿಯಲ್ಲಿ ಬ್ಯಾಂಕ್ ಹುಚ್ಚು ಅದಕ್ಕೂ ಮೊದ್ಲೇ ಶುರುವಾಗಿತ್ತು ಬಿಡಿ. 1906ರ ಮಾರ್ಚ್ 12ಕ್ಕೆ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರ್ ಅವರು 5000 ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ್ದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು. ಮೊದಲ ದಿನದ ಕೊನೆಗೆ ಅಲ್ಲಿ ಸೇರಿದ ದುಡ್ಡು 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈ ನೋಡಿ ಮಾರಾಯ್ರೆ, ಅದನ್ನೂ ಬಿಡದೆ ಬರೆದಿಟ್ಟಿದ್ದಾರೆ. ಅದೇ ವರ್ಷ ಜುಲೈಯಲ್ಲಿ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಹಿಂದೂ ಪರ್ಮನೆಂಟ್ ಫಂಡ್, ಈಗಿನ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆಯಲ್ಲಿ ಇಷ್ಟು. ಹಾಜಿ ಅಬ್ದುಲ್ಲಾ ಅವರ ಹಳೇ ಮನೆಯನ್ನ ಬ್ಯಾಂಕಿನವರು ಮ್ಯೂಸಿಯಂ ಮಾಡಿದ್ದಾರೆ, ಹಳೇ ಕಾಲದ ನಾಣ್ಯ ಎಲ್ಲ ಇಟ್ಟಿದ್ದಾರೆ, ಉಡುಪಿಗೆ ಬಂದವರು ಮಠ ನೋಡಿ, ಮಸಾಲೆ ದೋಸೆ ತಿಂದು, ಮಲ್ಪೆ ಬೀಚಿಗೆ ಓಡ್ತಾರೆ, ಇಲ್ಲಿಗೊಮ್ಮೆ ಹೋಗಿ, ಮಕ್ಕಳಿಗೆ ಆಣೆ ಪೈ ಅಂದ್ರೆ ಎಂತ ಅಂತ ತೋರಿಸ್ಲಿಕ್ಕಾದ್ರೂ.

ಸರಿ ಪಿಗ್ಮಿಗೆ ಬರ್ತೇನೆ, ಇಲ್ಲದಿದ್ರೆ ಇದು ಊರ ಪುರಾಣ ಆಗ್ತದೆ.

ನಾನು ಸಣ್ಣವನಿದ್ದಾಗ ನಮ್ಮಮ್ಮ ಬೀಡಿ ಕಟ್ತಿದ್ರು. ವಾರಕ್ಕೊಮ್ಮೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದ ದುಡ್ಡಲ್ಲಿ ಪಿಗ್ಮಿಯವರಿಗೆ ಅಂತ ಚಿಲ್ಲರೆ ಬೇರೆ ತೆಗೆದು ದೇವರ ಫೋಟೋದ ಹಿಂದೆ ಒಂದು ಡಬ್ಬಿಯಲ್ಲಿ ಇಡ್ತಿದ್ರು, ಅದು ಬಾಳೆಕಾಯಿ ಚಿಪ್ಸಿನ ಖಾಲಿ ಡಬ್ಬಿ, ಒಳಗೆ ಕೈ ಹಾಕಿದ್ರೆ ನೋಟಿಗೂ ಚಿಪ್ಸಿನ ಎಣ್ಣೆ ವಾಸನೆ. ಪಿಗ್ಮಿಯವರು ಮಳೆಗಾಲದಲ್ಲಿ ಕೊಡೆಯನ್ನ ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಪ್ಲಾಸ್ಟಿಕ್ ಕವರಿನ ಒಳಗೆ ಕಾರ್ಡು, ಪೆನ್ನಿಗೆ ದಾರ ಕಟ್ಟಿ ಕಿಸೆಗೆ, ಜಗಲಿ ತುದಿಯಲ್ಲಿ ನಿಂತೇ ಬರೀತಿದ್ರು. ಒಳಗೆ ಬನ್ನಿ ಅಂದ್ರೂ ಬರ್ತಿರ್ಲಿಲ್ಲ, ಕಾಲು ಕೆಸರು ಅಂತ. ಒಂದು ಚೌಕದಲ್ಲಿ ತಾರೀಖು, ಪಕ್ಕದಲ್ಲಿ ಮೊತ್ತ, ಅದರ ಪಕ್ಕ ಕೋಳಿ ಕೆದರಿದ ಹಾಗೆ ಒಂದು ಸಹಿ. ನಂಗೆ ಶಾಲೆ ಬ್ಯಾಗ್, ಅಕ್ಕನ ಮದುವೆಗೆ ಕರಿಮಣಿಯ ಚಿನ್ನ, ಮನೆಗೆ ಹಂಚು ಬದಲಿಸಿದ್ದು, ಎಲ್ಲದರಲ್ಲೂ ಆ ಕಾರ್ಡಿಂದು ಪಾಲಿದೆ.

ಈಗ ಕಾರ್ಡ್ ಇಲ್ಲ, ಬಸ್ಸಿನ ಕಂಡಕ್ಟರ್ ಹತ್ರ ಇರೋ ಟಿಕೆಟ್ ಮಿಷನ್ ತರದ್ದು ಒಂದು ಉಂಟು. ನಂಬರ್ ಒತ್ತಿದ್ರೆ ಕಿರ್ರ್ ಅಂತ ಚೀಟಿ ಬರ್ತದೆ, ಮೊಬೈಲಿಗೆ ಮೆಸೇಜ್ ಬರ್ತದೆ. ಚೀಟಿಯಲ್ಲಿ ಒಂದು ದೋಷ, ಎರಡು ತಿಂಗಳಲ್ಲಿ ಅಕ್ಷರ ಮಾಸಿ ಬಿಳೀ ಕಾಗದ ಆಗ್ತದೆ, ಹಾಗಾಗಿ ಮೆಸೇಜ್ ಡಿಲೀಟ್ ಮಾಡ್ಬೇಡಿ. ನಮ್ಮ ಅಂಗಡಿಗೆ ಬರೋದು ಒಬ್ರು ಅಕ್ಕ, ಸ್ಕೂಟರಲ್ಲಿ, ಸಂಜೆ ಆರೂಕಾಲಿಗೆ. ಗಡಿಯಾರ ನೋಡೋದೇ ಬೇಡ, ಅವರ ಸ್ಕೂಟರಿನ ಸ್ಟ್ಯಾಂಡ್ ಹಾಕಿದ ಸದ್ದಿಗೆ ನಾನು ಗಲ್ಲಾಪೆಟ್ಟಿಗೆಯಿಂದ ಇನ್ನೂರು ತೆಗೆದು ಸ್ಟೇಪ್ಲರ್ ಕೆಳಗೆ ಇಟ್ಟಾಗಿರ್ತದೆ.

ಬಡ್ಡಿ ವಿಷಯ ಬಾಯಿ ಬಿಟ್ಟು ಹೇಳ್ಬೇಕು, ಯಾಕಂದ್ರೆ ಕಟ್ಟೋರು ಕೇಳೋದೇ ಇಲ್ಲ. ನಾನು ದಿನಕ್ಕೆ 200ರ ಹಾಗೆ, ಆದಿತ್ಯವಾರ ರಜೆ ಎಲ್ಲ ಕಳೆದು 300 ದಿನ ಕಟ್ಟಿದೆ, 60,000 ಆಯ್ತು. ನಮ್ಮ ಸೊಸೈಟಿಯಲ್ಲಿ ಪಿಗ್ಮಿಗೆ 4 ಪರ್ಸೆಂಟ್. ದುಡ್ಡು ದಿನಾ ಸ್ವಲ್ಪ ಸ್ವಲ್ಪ ಸೇರೋದ್ರಿಂದ ಬಡ್ಡಿ ಪೂರ್ತಿ ಅರವತ್ತಕ್ಕೆ ಸಿಗೋದಲ್ಲ, ಸರಾಸರಿ ಮೂವತ್ತು ಸಾವಿರಕ್ಕೆ ಅಂತ ಇಟ್ಕೊಳ್ಳಿ, 1200 ರೂಪಾಯಿ. ಇದೇ ದುಡ್ಡನ್ನ ಆರೂವರೆ ಪರ್ಸೆಂಟಿನ ಆರ್‌ಡಿಗೆ, ಅಂದ್ರೆ ಬ್ಯಾಂಕಲ್ಲಿ ತಿಂಗಳು ತಿಂಗಳು ಕಂತು ಕಟ್ಟೋ ಖಾತೆಗೆ ಹಾಕಿದ್ರೆ 1950ರ ಹತ್ರ ಬರ್ತಿತ್ತು. ವ್ಯತ್ಯಾಸ 750. ಮುನ್ನೂರು ದಿನಕ್ಕೆ ಭಾಗಿಸಿ, ಒಂದು ಸಲ ಬಾಗಿಲಿಗೆ ಬಂದದ್ದಕ್ಕೆ ನಾನು ಕೊಟ್ಟದ್ದು ಎರಡೂವರೆ ರೂಪಾಯಿ. ಈಗ ಒಂದು ಪುಟ ಜೆರಾಕ್ಸಿಗೆ ನಾನೇ ಎರಡು ರೂಪಾಯಿ ತಗೊಳ್ತೇನೆ! ಭಾವ ಬ್ಯಾಂಕಲ್ಲಿ ಕೆಲಸ ಮಾಡ್ತಾರೆ, ಮನೆಗೆ ಬಂದಾಗಲೆಲ್ಲ "ಪಿಗ್ಮಿ ಎಲ್ಲ ಲಾಸ್, ಆರ್‌ಡಿ ಮಾಡು ಮಾರಾಯ, ಎಸ್‌ಐಪಿ ಮಾಡು" ಅಂತ ಶುರು ಮಾಡ್ತಾರೆ. ಲೆಕ್ಕದಲ್ಲಿ ಅವರು ಹೇಳೋದು ಸರಿಯೇ. ನಾನು ಆರ್‌ಡಿ ಮಾಡಿ ನೋಡಿದ್ದೇನೆ, ಐದನೇ ತಾರೀಖು ಕಟ್ ಆಗ್ತದೆ ಅಂತ ನಾಲ್ಕಕ್ಕೇ ಪೇಪರ್ ರಿಮ್ ತಂದು ಅಕೌಂಟ್ ಖಾಲಿ ಮಾಡಿ ಕೂತದ್ದು, ಮೂರು ಕಂತು ತಪ್ಪಿ ಕೊನೆಗೆ ಮುರಿದದ್ದು. ಬ್ಯಾಂಕಿನ ಕಂಪ್ಯೂಟರಿಗೆ ಇಲ್ಲ ಅಂತ ಹೇಳೋದು ಸುಲಭ. ಬಿಸಿಲಲ್ಲಿ ಬಂದು ಹೆಲ್ಮೆಟ್ ತೆಗೆದು "ಅಣ್ಣ, ಇವತ್ತು ಕಮ್ಮಿಯಾ?" ಅಂತ ಕೇಳೋ ಅಕ್ಕನಿಗೆ ಇಲ್ಲ ಅನ್ನೋದು ಎಷ್ಟು ಕಷ್ಟ ಗೊತ್ತಾ, ವ್ಯಾಪಾರ ಇಲ್ಲದ ದಿನವೂ ಐವತ್ತಾದ್ರೂ ಹೊರಡ್ತದೆ. ನಾನು ಎರಡೂವರೆ ರೂಪಾಯಿ ಕೊಡ್ತಿರೋದು ಆ ನಾಚಿಕೆಗೆ.

ಆ ಅಕ್ಕನಿಗೆ ಎಷ್ಟು ಸಿಗ್ತದೆ ಅಂತಾನೂ ಕೇಳಿದೆ. ಕಲೆಕ್ಷನ್ ಮೇಲೆ ನೂರಕ್ಕೆ ಮೂರು. ನನ್ನ ಇನ್ನೂರಕ್ಕೆ ಆರು ರೂಪಾಯಿ. ಪೆಟ್ರೋಲ್ ಅವರದ್ದೇ, ಸ್ಕೂಟರ್ ಅವರದ್ದೇ, ಜ್ವರ ಬಂದ ದಿನ ಸೊನ್ನೆ. ನನ್ನ ರಿವ್ಯೂನಲ್ಲಿ ಸ್ಟಾರ್ ಕಟ್ ಆಗೋದು ಇಲ್ಲಿ, ಸರ್ವಿಸ್ ಪೂರ್ತಿ ನಿಂತಿರೋದು ಅವರ ಕಾಲ ಮೇಲೆ, ಅವರಿಗೇ ಕಮ್ಮಿ. ಈ ಜಗಳ ಹಳೇದು, ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರ ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ, ಬ್ಯಾಂಕುಗಳ ಡೆಪಾಸಿಟ್ ಕಲೆಕ್ಟರ್‌ಗಳೂ ಕೆಲಸಗಾರರೇ, ಕಮಿಷನ್ ಅಂತ ಕರೆದ್ರೂ ಅದು ಸಂಬಳವೇ ಅಂತ 2001ರಲ್ಲಿ ಕೋರ್ಟ್ ಹೇಳಿತು. ಬ್ಯಾಂಕುಗಳು ಅಷ್ಟು ವರ್ಷ ವಾದ ಮಾಡಿದ್ದು ಎಂತದಕ್ಕೆ ಅಂದ್ರೆ, ಇವರು ನಮ್ಮವರಲ್ಲ, ಬರೀ ಏಜೆಂಟರು ಅಂತ. ಯಾರ ಎರಡಾಣೆಯಿಂದ ಬ್ಯಾಂಕ್ ಬೆಳೀತೋ ಆ ಎರಡಾಣೆ ಹೊತ್ತು ತಂದವರನ್ನೇ ಹೊರಗಿನವರು ಅಂದದ್ದು ನಂಗೆ ಇವತ್ತಿಗೂ ಸರಿ ಕಾಣೋದಿಲ್ಲ.

ಈಗ ಕೈ ಸುಟ್ಟ ಕತೆ. ಹತ್ತು ಹನ್ನೆರಡು ವರ್ಷದ ಹಿಂದೆ, ಸೊಸೈಟಿ ಹೆಸರು ಬೇಡ, ಊರೂ ಬೇಡ. ಆವಾಗ ನಂದು ಇನ್ನೊಂದು ಕಡೆ ಅಂಗಡಿ ಇತ್ತು. ಕಲೆಕ್ಟರ್ ಒಳ್ಳೇ ಮಾತುಗಾರ, ಕಬಡ್ಡಿ ಮ್ಯಾಚಿನ ಸುದ್ದಿ ಹೇಳ್ತಾ ಹೇಳ್ತಾ ಕಾರ್ಡಿಗೆ ಸಹಿ ಹಾಕಿ ಹೋಗ್ತಿದ್ದ. ಒಂದಿನ ಅರ್ಜೆಂಟ್ ಇತ್ತು ಅಂತ ಪಿಗ್ಮಿ ಮೇಲೆ ಸಾಲ ಕೇಳ್ಲಿಕ್ಕೆ ಆಫೀಸಿಗೆ ಹೋದೆ, ಕಾರ್ಡಲ್ಲಿ ಇಪ್ಪತ್ತೊಂದು ಸಾವಿರ, ಅವರ ಲೆಡ್ಜರಲ್ಲಿ ಹದಿನಾರು ಸಾವಿರದ ಇನ್ನೂರು. ಎದೆ ಧಸಕ್ ಅಂತು. ಆತ ಸಂಜೆ ತಗೊಂಡ ದುಡ್ಡನ್ನ ಮರುದಿನ ಬೆಳಿಗ್ಗೆ ಕಟ್ಟೋ ಬದಲು ಅದರಲ್ಲಿ ಎಂತದೋ ಚೀಟಿ ವ್ಯವಹಾರ ತಿರುಗಿಸ್ತಿದ್ದ, ನಂದು ಒಂದೇ ಅಲ್ಲ, ಇಡೀ ಬೀದೀದು. ಮ್ಯಾನೇಜರ್ ಮೊದ್ಲು "ಕಾರ್ಡಲ್ಲಿ ಇರೋದು ನಮಗೆ ಸಂಬಂಧ ಇಲ್ಲ, ಲೆಡ್ಜರ್ ಮಾತ್ರ" ಅಂದ್ರು, ನಾವು ಹನ್ನೊಂದು ಅಂಗಡಿಯವರು ಕಾರ್ಡ್ ಹಿಡ್ಕೊಂಡು ಒಟ್ಟಿಗೆ ಹೋಗಿ ಕೂತ ಮೇಲೆ ಸಂಬಂಧ ಬಂತು. ದುಡ್ಡು ಸಿಕ್ಕಿತು, ಏಳು ತಿಂಗಳು ಬೇಕಾಯ್ತು, ಬಡ್ಡಿ ಗೋವಿಂದ. ಆಮೇಲೆ ಎರಡು ವರ್ಷ ನಾನು ಪಿಗ್ಮಿ ಹೆಸರೆತ್ತಲಿಲ್ಲ, ಆ ಎರಡು ವರ್ಷ ಕೈಯಲ್ಲಿ ನಯಾಪೈಸೆ ಉಳೀಲೂ ಇಲ್ಲ.

ಹಾಗಾಗಿ ಪಿಗ್ಮಿ ಶುರು ಮಾಡೋರಿಗೆ ಹೇಳೋದು, ಎರಡು ತಿಂಗಳಿಗೊಮ್ಮೆ ನೀವೇ ಆಫೀಸಿಗೆ ಹೋಗಿ ಬ್ಯಾಲೆನ್ಸ್ ಕೇಳಿ, ಕಲೆಕ್ಟರ್ ಎಷ್ಟೇ ಒಳ್ಳೆಯವರಾಗಿರ್ಲಿ, ಅವರೆದುರೇ ಹೇಳಿ ಹೋಗಿ, ಒಳ್ಳೆಯವರು ಬೇಜಾರು ಮಾಡ್ಕೊಳ್ಳೋದಿಲ್ಲ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಬ್ಯಾಂಕ್ ಮುಳುಗಿದ್ರೆ 5 ಲಕ್ಷದ ತನಕ ಇನ್ಶೂರೆನ್ಸ್ ಉಂಟು ಅಂತ ಹೇಳ್ತಾರಲ್ಲ, 2020ರಲ್ಲಿ ಒಂದು ಲಕ್ಷದಿಂದ ಐದಕ್ಕೆ ಏರಿಸಿದ್ದು, ಅದು ಬ್ಯಾಂಕಿಗೆ, ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರೋ ಸಹಕಾರಿ ಬ್ಯಾಂಕುಗಳಿಗೂ ಉಂಟು. ಆದ್ರೆ ಬೋರ್ಡಲ್ಲಿ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಅಂತ ಇದ್ರೆ ಅದು ಬ್ಯಾಂಕ್ ಅಲ್ಲ, ಆ ಇನ್ಶೂರೆನ್ಸ್ ಅಲ್ಲಿ ಇಲ್ಲ. ಒಳಗೆ ಕೌಂಟರ್, ಗ್ಲಾಸು, ಎಸಿ ಎಲ್ಲ ಬ್ಯಾಂಕಿನ ಹಾಗೇ ಇರ್ತದೆ, ಮೋಸ ಹೋಗ್ಬೇಡಿ. ಅಂತ ಸೊಸೈಟಿ ಎಲ್ಲ ಕೆಟ್ಟದ್ದು ಅಂತಲ್ಲ, ನಂದೂ ಈಗ ಸೊಸೈಟಿಯಲ್ಲೇ ಇರೋದು, ಡೈರೆಕ್ಟರುಗಳು ಯಾರು, ಸಾಲ ಯಾರಿಗೆ ಕೊಡ್ತಾರೆ ಅಂತ ಊರಲ್ಲಿ ವಿಚಾರಿಸಿ ಹಾಕಿದ್ದು. ಪಿಗ್ಮಿಯಲ್ಲಿ ತುಂಬ ದುಡ್ಡು ಬೆಳೆಸ್ಲಿಕ್ಕೂ ಹೋಗ್ಬೇಡಿ. ವರ್ಷಕ್ಕೆ ಬಿಡಿಸಿ, ದೊಡ್ಡ ಮೊತ್ತ ಬ್ಯಾಂಕ್ ಎಫ್‌ಡಿಗೆ ಹಾಕಿ, ಮತ್ತೆ ಸೊನ್ನೆಯಿಂದ ಶುರು ಮಾಡಿ.

ಮಧ್ಯದಲ್ಲಿ ಬಿಡಿಸಿದ್ರೆ? ನಮ್ಮಲ್ಲಿ ಆರು ತಿಂಗಳ ಒಳಗೆ ಆದ್ರೆ ಬಡ್ಡಿ ಇಲ್ಲ, ಮೇಲಿಂದ ಕಮಿಷನ್ ಅಂತ ಸ್ವಲ್ಪ ಕಟ್ ಮಾಡ್ತಾರೆ. ಸೇರುವಾಗಲೇ ಕೇಳ್ಕೊಳ್ಳಿ. ಸಾಲ ಮಾತ್ರ ಸಲೀಸು, ಕಟ್ಟಿದ್ದರ ಮೇಲೆ ಅರ್ಧ ಗಂಟೆಲಿ ಕೊಡ್ತಾರೆ, ಸಿಬಿಲ್ ಗಿಬಿಲ್ ಕೇಳೋದಿಲ್ಲ. ಜೂನಲ್ಲಿ ಶಾಲೆ ಶುರುವಾಗುವಾಗ ನಂಗೆ ಅಂಗಡಿಗೆ ನೋಟ್‌ಬುಕ್ ಸ್ಟಾಕ್ ತರ್ಲಿಕ್ಕೆ ಇದೇ ಗತಿ.

ಈಗ ಹೊಸ ತಲೆನೋವು ಯುಪಿಐ. ಮೊದ್ಲು ಸಂಜೆಗೆ ಗಲ್ಲಾಪೆಟ್ಟಿಗೆ ತುಂಬ ಹತ್ತು ಇಪ್ಪತ್ತರ ನೋಟು, ಈಗ ಮೂರು ರೂಪಾಯಿ ಪೆನ್ಸಿಲಿಗೂ ಸ್ಕ್ಯಾನ್. ಸ್ಪೀಕರ್ ದಿನವಿಡೀ ಕಿರುಚ್ತದೆ, ಡ್ರಾವರಲ್ಲಿ ಇನ್ನೂರು ಕ್ಯಾಶ್ ಇರೋದಿಲ್ಲ. ಅಕ್ಕ ಈಗ ಸೊಸೈಟಿಯ ಕ್ಯೂಆರ್ ಕೋಡ್ ಕುತ್ತಿಗೆಗೆ ನೇತು ಹಾಕ್ಕೊಂಡು ಬರ್ತಾರೆ. ಹಾಗಾದ್ರೆ ಬರೋದ್ಯಾಕೆ, ಮನೆಯಿಂದಲೇ ಹಾಕಿ ಅಂತ ಹೇಳಬಹುದಲ್ಲ ಅಂತ ಕೇಳಿದೆ. "ನೀವು ಹಾಕ್ತೀರಾ ಅಣ್ಣ?" ಅಂದ್ರು. ಹಾಕ್ತಿರ್ಲಿಲ್ಲ.

ಸಿಂಡಿಕೇಟ್ ಬ್ಯಾಂಕ್ ಎಂತ ಆಯ್ತು ಅಂತ ಹೇಳ್ಲೇ ಇಲ್ಲ. ಹೆಡ್ಡಾಫೀಸ್ ಮಣಿಪಾಲಕ್ಕೆ ಹೋಯ್ತು, 1969ರ ಜುಲೈಯಲ್ಲಿ ಇಂದಿರಾ ಗಾಂಧಿ ಹದಿನಾಲ್ಕು ಬ್ಯಾಂಕ್ ರಾಷ್ಟ್ರೀಕರಣ ಮಾಡಿದಾಗ ಅದರಲ್ಲಿ ಸಿಂಡಿಕೇಟೂ ಇತ್ತು, ಕೆನರಾವೂ ಇತ್ತು, 1980ರಲ್ಲಿ ಇನ್ನು ಆರನ್ನ ತಗೊಂಡಾಗ ಕಾರ್ಪೊರೇಷನ್ನೂ ವಿಜಯಾವೂ ಹೋದವು. 2019ರಲ್ಲಿ ವಿಜಯಾ ಬ್ಯಾಂಕನ್ನ ಬರೋಡಾಕ್ಕೆ ಸೇರಿಸಿದ್ರು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಲಾಕ್‌ಡೌನ್ ಶುರುವಾಗಿ ಒಂದು ವಾರ, ಯಾರೂ ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ, ನಮ್ಮೂರ ಬ್ಯಾಂಕ್ ಹೋದದ್ದು ಹಾಗೆ, ಸಾವಿಗೂ ಜನ ಸೇರಲಿಕ್ಕೆ ಬಿಡದ ದಿನಗಳಲ್ಲಿ. ನಂಗೆ ಗೊತ್ತಾದದ್ದು ಬೋರ್ಡಿಂದ ನಾಯಿ ಚಿತ್ರ ಹೋದಾಗ. ಸಿಂಡಿಕೇಟ್ ಲೋಗೋದಲ್ಲಿ ಒಂದು ನಾಯಿ ಇತ್ತಲ್ಲ, ನಂಬಿಗಸ್ಥ ಅಂತ ಲೆಕ್ಕ, ಚೆಕ್ ಬುಕ್ಕಲ್ಲೂ ಅದೇ. ಆಮೇಲೆ ಎಸ್‌ವೈಎನ್‌ಬಿ ಅಂತ ಶುರುವಾಗೋ ಐಎಫ್‌ಎಸ್‌ಸಿ ನಂಬರ್ ನಿಂತು, ಹೊಸ ನಂಬರ್ ಬರೆದ ಫಾರಂ ಜೆರಾಕ್ಸ್ ಮಾಡ್ಲಿಕ್ಕೆ ಒಂದು ತಿಂಗಳು ನನ್ನ ಅಂಗಡಿಗೆ ಒಳ್ಳೇ ವ್ಯಾಪಾರ ಆಯ್ತು, ಅದನ್ನ ಹೇಳ್ಲಿಕ್ಕೂ ಒಂದು ತರ ಆಗ್ತದೆ.

ಅಮ್ಮನ ಹಳೇ ಪಿಗ್ಮಿ ಕಾರ್ಡ್ ಒಂದು ಇನ್ನೂ ನನ್ನತ್ರ ಉಂಟು, ಮೂಲೆ ಗೆದ್ದಲು ತಿಂದಿದೆ, ಲ್ಯಾಮಿನೇಷನ್ ಮಾಡಿ ಕೌಂಟರ್ ಹಿಂದೆ ಅಂಟಿಸಿದ್ದೇನೆ. ಒಟ್ಟು ಮೊತ್ತದ ಜಾಗದಲ್ಲಿ 412 ರೂಪಾಯಿ. ಕೆಳಗೆ ಅಮ್ಮನ ಹೆಬ್ಬೆಟ್ಟು.

ಅಂತೂ ನಂದು ರೇಟಿಂಗ್: ಬಡ್ಡಿಗೆ ಎರಡು, ಚೀಟಿ ಅಕ್ಷರ ಮಾಸೋದಕ್ಕೆ ಒಂದು, ಬಾಗಿಲಿಗೆ ಬರೋದಕ್ಕೆ ಐದು. ಈ ವರ್ಷ ಇನ್ನೂರರ ಬದಲು ಇನ್ನೂರೈವತ್ತು ಅಂತ ಹೇಳಿದ್ದೇನೆ. ಇನ್ನೂ ಬರೀಬೇಕಿತ್ತು, ಸ್ಕೂಟರ್ ಸ್ಟ್ಯಾಂಡ್ ಹಾಕಿದ ಸದ್ದಾಯ್ತು, ಡ್ರಾವರಲ್ಲಿ ನೋಡಿದ್ರೆ ನೂರಾ ಎಂಬತ್ತೇ ಉಂಟು.